ಅಂದದ್ದೆಲ್ಲಾ ಬರೆದುಕೊಂಡವರು

ಬ್ರಿಟಿಷರ ಕೊನೆಯ ವರ್ಷಗಳಲ್ಲಿ ನಾನು ಹಾನಗಲ್ಲಿನ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಸಾಯುವವರ ಹೇಳಿಕೆ ಕೋರ್ಟಿನಲ್ಲಿ ಪುರಾವೆಯಾಗುತ್ತದೆಂದು ಅದನ್ನು ಬರೆದುಕೊಳ್ಳಲು ತಾಲೂಕಿನ ಅಧಿಕಾರಿ ಮಾಮಲೇದಾರರು ಬರುತ್ತಿದ್ದರು. ಪೊಲೀಸರನ್ನೂ ಬಂಧುಗಳನ್ನೂ ಹೊರಗೆ ಕಳಿಸಿ, ರುಮಾಲು ತೆಗೆದಿಟ್ಟು, ಹಾಸಿಗೆಯ ಪಕ್ಕ ನೆಲದ ಮೇಲೆ ಕೂರುತ್ತಿದ್ದರು. "ನೀ ಅಂದದ್ದೆಲ್ಲಾ ಬರೀತೇನಿ. ಒಂದಕ್ಷರ ಹೆಚ್ಚಿಲ್ಲ, ಕಡಿಮಿ ಇಲ್ಲ" ಎಂಬುದು ಪ್ರತಿಸಲದ ಮಾತು.

ಒಮ್ಮೆ ಅಕ್ಕಿಆಲೂರಿನಿಂದ ಮೈ ಸುಟ್ಟ ಸೊಸೆಯೊಬ್ಬಳನ್ನು ಚಕ್ಕಡಿಯಲ್ಲಿ ತಂದರು.

"ಹೆಂಗಾತವ್ವಾ?" ಎಂದು ಮಾಮಲೇದಾರರು ಕೇಳಿದರು.

"ಚಿಮಣಿ ದೀಪ ಮೈಮ್ಯಾಲೆ ಬಿತ್ತರಿ. ನನ್ನ ಮಗಳು ಅತ್ತಿ ಕೈಯಾಗನ ಬೆಳೀಬೇಕಲ್ರಿ."

ಬರೆದದ್ದನ್ನು ಅವರು ಓದಿ ಹೇಳಿದರು. ಆಕೆ ಗಾಬರಿಯಾದಳು.

"ಮಗಳ ಮಾತು ಹೊಡದ ಹಾಕ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

ಮಾಮಲೇದಾರರು ಟಾಕನ್ನು ಮತ್ತೆ ಮಸಿಯಲ್ಲಿ ಅದ್ದಿದರು. ಏನನ್ನೂ ಹೊಡೆಯದೆ, ಹೊಡೆದು ಹಾಕಿರೆಂದು ಆಕೆ ಬೇಡಿಕೊಂಡದ್ದನ್ನೂ ಬರೆದುಕೊಂಡರು.