ಓನ್ಲಿ ಟ್ವೆಂಟಿ ಮಿನಿಟ್ಸ್‌ರೀ

ನಮ್ಮ ಸಾಹೇಬರಿಗೆ ಆ ಫೋನು ಬಂದಾಗ ನಾನೆಂಬ ಕೋತಿ ಅವರದೇ ನಕಲು ಮಾಡಿ ಎಲ್ಲರನ್ನೂ ನಗಿಸುತ್ತಿದ್ದೆ. ಸಾಹೇಬರೂ ನಗುತ್ತಿದ್ದರು.

ಪುಣೆಗೆ ವಿದೇಶಿ ಕಂಪನಿಗಳನ್ನು ಕರೆತರುವುದು ನಮ್ಮ ಕಚೇರಿಯ ಕೆಲಸ. ಅತಿಥಿಗಳ ಮುಂದೆ ಸಾಹೇಬರು ನಕ್ಷೆಯ ಮೇಲೆ ಗೇಣು ಹಾಕಿ, ವಿಮಾನ ನಿಲ್ದಾಣದಿಂದ ಯಾವ ಜಾಗಕ್ಕಾದರೂ "ಓನ್ಲಿ ಟ್ವೆಂಟಿ ಮಿನಿಟ್ಸ್‌ರೀ" ಎಂದು ಇಂಗ್ಲಿಷಿಗೂ ಧಾರವಾಡದ ಅಂಗಿ ತೊಡಿಸುತ್ತಿದ್ದರು.

ಅಂದು ಅವರ ಹೆಂಡತಿಗೆ ಎದೆನೋವು. ಆಂಬುಲೆನ್ಸು ಶಿವಾಜಿನಗರದ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ನಿಂತಿತು. ಆಕೆ ದಾರಿಯಲ್ಲೇ ತೀರಿಕೊಂಡರು.

ಕರ್ಮಾಂತರ ಮುಗಿಸಿ ಕೆಲಸಕ್ಕೆ ಮರಳಿದ ಸಾಹೇಬರಿಗೆ, "ಸರ, ಇನ್ನ ನಿಮ್ಮ ನಕಲು ಮಾಡೂದಿಲ್ರಿ," ಎಂದೆ.

ಅವರು ತಲೆ ಎತ್ತಲಿಲ್ಲ.

"ಮಾಡಪಾ. ನಾಳೆ ಜಪಾನಿನವ್ರು ಬರ್ತಾರ, ಎಷ್ಟೊತ್ತಿನ ದಾರಿ ಅಂತ ಕೇಳ್ತಾರ. ನನ್ನ ಬಾಯಾಗ ಬರೂದಿಲ್ಲ. ನೀನ ಹೇಳಿಬಿಡು."