ನಾನೂರ ಮೂವತ್ತರಲ್ಲಿ ನಿಂತ ಹುಡುಗಿ

ನಾನು ನಿವೃತ್ತನಾಗುವ ಹಿಂದಿನ ವರ್ಷದ ಮಾತು. ತಿ. ನರಸೀಪುರದ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕನಾಗಿದ್ದೆ, ಮನೆ ನಂಜನಗೂಡಿನಲ್ಲಿ. ಭಾನುವಾರಗಳಂದು ಅಲ್ಲಿನ ಶಾಲೆಯೊಂದರ ಕೊಠಡಿಯಲ್ಲಿ ‘ರಿಪೀಟರ್’ಗಳಿಗೆ, ಅಂದರೆ ನೀಟ್ ಬರೆದು ಸೀಟು ಸಿಗದೆ ಮತ್ತೆ ಬರೆಯಲು ಕೂತವರಿಗೆ, ಪಾಠ ಹೇಳುತ್ತಿದ್ದೆ.

ಬದನವಾಳಿನಿಂದ ರೈಲಿನಲ್ಲಿ ಬರುತ್ತಿದ್ದ ಶ್ವೇತಾ ಅವರಲ್ಲೊಬ್ಬಳು. ಪಿಯುಸಿಯಲ್ಲೂ ನನ್ನ ವಿದ್ಯಾರ್ಥಿನಿ. ತಾಯಿ ಪುಟ್ಟಮ್ಮ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದರು. ಮನೆಯಲ್ಲಿದ್ದ ಒಂದೇ ಕೋಣೆಯನ್ನು ಮಗಳ ಓದಿಗೆ ಬಿಟ್ಟು ಉಳಿದವರು ಪಡಸಾಲೆಗೆ ಬಂದಿದ್ದರು. ಟಿವಿ ಹಾಕುತ್ತಿರಲಿಲ್ಲ, ಜೋರಾಗಿ ಮಾತೂ ಆಡುತ್ತಿರಲಿಲ್ಲ.

“ಯಾರಾರ ಒಂದ್ಸಲ ಬೈದಿದ್ರೆ ಚೆಂದಾಗಿತ್ತು ಸಾ. ಎಲ್ರೂ ಪಿಸುಪಿಸು ಅಂತಾರೆ, ಉಸುರು ಕಟ್ದಂಗಾಯ್ತದೆ” ಎಂದಿದ್ದಳು ಒಮ್ಮೆ.

720 ಅಂಕಗಳ ಮಾದರಿ ಪರೀಕ್ಷೆಗಳಲ್ಲಿ ಅವಳಿಗೆ ಬಂದದ್ದು 428, 433, 430, 426, 431. ಎರಡು ತಿಂಗಳು ಕಳೆದರೂ ಮುಳ್ಳು ಅಲ್ಲಾಡಲಿಲ್ಲ. ನಾನು ಇನ್ನಷ್ಟು ಪ್ರಶ್ನೆಪತ್ರಿಕೆ ಕೊಟ್ಟೆ. ಅವಳು ಎಲ್ಲವನ್ನೂ ಬಿಡಿಸಿ ತಂದಳು. ಕಣ್ಣಿನ ಸುತ್ತ ಕಪ್ಪಾಯಿತೇ ಹೊರತು ಅಂಕ ಏರಲಿಲ್ಲ.

ಆರನೆಯ ಪರೀಕ್ಷೆಯ ದಿನ ಅವಳ ಪಕ್ಕದ ಬೆಂಚಿನಲ್ಲಿ ಹೋಗಿ ಕೂತೆ. ಮೊದಲ ಇಪ್ಪತ್ತು ಪ್ರಶ್ನೆ ಸರಾಗವಾಗಿ ಸಾಗಿದವು. ಮುಂದಿನದು ರಾಟೆ ಮತ್ತು ತೂಕದ ಲೆಕ್ಕ. ಅಲ್ಲಿ ಪೆನ್ನು ನಿಂತಿತು. ಹಾಳೆ ತುಂಬ ಗೀಚಿದಳು, ಹೊಡೆದು ಹಾಕಿದಳು, ಮತ್ತೆ ಗೀಚಿದಳು. ಹನ್ನೊಂದು ನಿಮಿಷ! ಮುಂದೆಯೂ ತೊಡಕು ಬಂದಲ್ಲೆಲ್ಲ ಹೀಗೇ ನಿಂತಳು. ಹೊತ್ತು ಸಾಲದೆ ಕೊನೆಯ ಮೂವತ್ತು ಪ್ರಶ್ನೆಗಳಿಗೆ ಓದದೆಯೇ ಗುರುತು ಹಾಕಿದಳು. ನೀಟ್‌ನಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ.

“ಬಾರದ್ದನ್ನ ಬಿಟ್ಟು ಮುಂದಕ್ಕೆ ಹೋಗಬಾರದೇನಮ್ಮ?”

ಅವಳು ತಲೆಯೆತ್ತಲಿಲ್ಲ. “ನೀವೇ ಯೋಳಿದ್ರಲ್ಲ ಸಾ. ಓದ್ಸಲ ರಿಸಲ್ಟ್ ಬಂದಾಗ, ‘ಮೂವತ್ತೊಂದು ಪ್ರಶ್ನೆ ಖಾಲಿ ಬಿಟ್ಟಿದ್ದೀಯ, ನಿನ್ನ ಸೀಟು ನೀನೇ ಬಿಟ್ಟುಕೊಟ್ಟೆ’ ಅಂತ. ಅವತ್ತಿಂದ ಒಂದನ್ನೂ ಬುಡಾಕೆ ಆಯ್ತಿಲ್ಲ.”

ನನಗೆ ಆ ಮಾತು ಆಡಿದ ನೆನಪೇ ಇರಲಿಲ್ಲ. ಅವಳು ಮಾತ್ರ ಒಂದು ವರ್ಷದಿಂದ ಅದರೊಳಗೇ ಕೂತಿದ್ದಳು.

“ತಪ್ಪು ನಂದು” ಎಂದೆ. ಆಗ ಅತ್ತಳು.

ಮುಂದಿನ ವಾರದಿಂದ ಗಡಿಯಾರ ಹಿಡಿದು ಪಕ್ಕದಲ್ಲೇ ಕೂತೆ. ಒಂದೂವರೆ ನಿಮಿಷ ದಾಟಿದರೆ ಬೆಂಚು ತಟ್ಟುತ್ತಿದ್ದೆ. ಅವಳು ಮುಂದಕ್ಕೆ ಹೋಗಬೇಕು. ಮೊದಲ ಸಲ ಅಂಕ 402ಕ್ಕೆ ಇಳಿಯಿತು. ಪುಟ್ಟಮ್ಮ ಮಗಳೊಡನೆ ಬಂದು ಬಾಗಿಲಲ್ಲೇ ನಿಂತರು. “ಇದ್ದುದೂ ಓಯ್ತಲ್ಲ ಸಾ?” ಇನ್ನೆರಡು ವಾರ ಕೊಡಿ ಎಂದು ಕೇಳಿಕೊಂಡೆ. ಆ ಎರಡು ವಾರ ನನಗೂ ನಿದ್ದೆ ಸರಿಯಾಗಿ ಬರಲಿಲ್ಲ. ಆಮೇಲೆ 441 ಬಂತು. ಅದರ ಮುಂದಿನದು 468.

ನಿಜವಾದ ಪರೀಕ್ಷೆಯಲ್ಲಿ 489. ಸರ್ಕಾರಿ ಎಂಬಿಬಿಎಸ್ ಸೀಟಿಗೆ ಸಾಲಲಿಲ್ಲ. ಆಯುರ್ವೇದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಇನ್ನೊಂದು ವರ್ಷ ಕೂರುತ್ತೀಯಾ ಎಂದು ಕೇಳಲು ಬಾಯಿ ತೆರೆದಿದ್ದೆ. ಅವಳೇ ಹೇಳಿದಳು: “ಸೇರ್ಕೊತೀನಿ ಸಾ. ಆ ಕೋಣೆಗೆ ತಿರ್ಗ ಓಗಾಕಿಲ್ಲ.”

ವಿದ್ಯಾರ್ಥಿಯ ಅಂಕ ನಿಂತುಬಿಟ್ಟರೆ ಇನ್ನೊಂದು ಪ್ರಶ್ನೆಪತ್ರಿಕೆ ಕೊಡುವುದು ಮೇಷ್ಟರಿಗೆ ಸುಲಭ. ಪಕ್ಕದಲ್ಲಿ ಕೂತು ನೋಡುವುದು ಕಷ್ಟ, ಏಕೆಂದರೆ ಅವರನ್ನು ತಡೆದು ನಿಲ್ಲಿಸಿರುವುದು ನಮ್ಮದೇ ಮಾತಾಗಿರಬಹುದು. ಇದನ್ನು ಕಲಿಯುವ ಹೊತ್ತಿಗೆ ನನ್ನ ಸೇವೆಯಲ್ಲಿ ಕೆಲವೇ ತಿಂಗಳು ಉಳಿದಿದ್ದವು.