ಹರಿಗೋಲಿಗೆ ಹೊಗೆಕೊಳವೆ ಇಟ್ಟ ಕಾಕಾ

ಮೊನ್ನೆ ಮೊಮ್ಮಗಳ ಮಗನ ಹುಟ್ಟುಹಬ್ಬಕ್ಕೆ ಯಾರೋ ಒಂದು ಆಟದ ರೈಲು ತಂದುಕೊಟ್ಟರು. ಕಪ್ಪು ಪ್ಲಾಸ್ಟಿಕ್ಕಿನ ಇಂಜಿನ್ನು, ಹೊಟ್ಟೆಯಲ್ಲಿ ಬ್ಯಾಟರಿ. ಜೊತೆಗೆ ಬಂದ ಪುಟ್ಟ ಸೀಸೆಯಿಂದ ಎರಡು ಹನಿ ಎಣ್ಣೆಯಂಥದನ್ನು ಅದರ ಕೊಳವೆಗೆ ಬಿಟ್ಟರೆ ಬುಸ್ ಬುಸ್ ಎಂದು ಹೊಗೆ ಬರುತ್ತದೆ. ಮಕ್ಕಳೆಲ್ಲ ಹೋ ಎಂದು ಕುಣಿದವು. ನಾನು ಮೂಗು ಮುಂದೆ ಮಾಡಿ ಮೂಸಿ ನೋಡಿದೆ. ಏನೂ ಇಲ್ಲ. ವಾಸನೆಯೇ ಇಲ್ಲದ ಹೊಗೆ ಅದೆಂಥ ಹೊಗೆ, ಉಪ್ಪಿಲ್ಲದ ಸಾರಿನಂಥದು. "ಅಜ್ಜಿ ಎಲ್ಲಾದಕ್ಕೂ ಕೊಂಕು ತಗೀತಾಳ" ಎಂದು ಮೊಮ್ಮಗಳು ನಕ್ಕಳು. ನಗಲಿ ಬಿಡಿ. ಲೋಬಾನ, ಔಡಲೆಣ್ಣೆ, ಕಾದ ಕಬ್ಬಿಣ ಮೂರೂ ಕೂಡಿದ ಹೊಗೆಯನ್ನು ಕುಡಿದ ಮೂಗು ಇದು. ಅಂಥ ಹೊಗೆ ಮಾಡುವವರು ಒಬ್ಬರೇ ಇದ್ದರು... ನಮ್ಮ ಎದುರು ಮನೆಯ ಕಾಕಾ.

ಆಗ ನನಗೆ ಹದಿನಾರು. ದೇವದುರ್ಗದ ಆಚೆ, ಕೃಷ್ಣಾ ಹೊಳೆಯ ದಂಡೆಯ ಹಳ್ಳಿಯಿಂದ ಮದುವೆಯಾಗಿ ರಾಯಚೂರಿನ ಸ್ಟೇಷನ್ ಹಿಂದಿನ ಓಣಿಗೆ ಬಂದಿದ್ದೆ. ದೊಡ್ಡ ಯುದ್ಧ ಮುಗಿಯುತ್ತ ಬಂದ ಕಾಲ. ಸಿಪಾಯಿಗಳನ್ನು ತುಂಬಿಕೊಂಡ ಗಾಡಿಗಳು ಬಿಡುವಿಲ್ಲದೆ ಹೋಗುತ್ತಿದ್ದವು, ಒಣಹಾಕಿದ ಸೀರೆಯ ಮೇಲೆಲ್ಲ ಇದ್ದಿಲ ಪುಡಿ ಕೂರುತ್ತಿತ್ತು. ನಮ್ಮತ್ತೆ ಕೆಟ್ಟವರಲ್ಲ. ಉಣ್ಣಲು ಉಡಲು ಕಡಿಮೆ ಮಾಡಿದವರಲ್ಲ. ಆದರೆ ಸೊಸೆಯನ್ನು ತವರಿಗೆ ಕಳಿಸುವ ಮಾತು ಬಂದರೆ ಸಾಕು, ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಶ್ಯಾವಿಗೆ ಮುಗಿಯಲಿ ಎನ್ನುವರು. ಶ್ಯಾವಿಗೆ ಮುಗಿದರೆ ಹಪ್ಪಳ. ನಾನು ಹೊಳೆಯನ್ನು ನೆನೆಸಿಕೊಂಡು ಬಚ್ಚಲಲ್ಲಿ ಕೂತು ಅಳುತ್ತಿದ್ದೆ.

ಕಾಕಾ ಸ್ಟೇಷನ್ನಿನ ಇಂಜಿನ್ ಷೆಡ್ಡಿನಲ್ಲಿ ಫಿಟ್ಟರ್ ಆಗಿದ್ದರು. ಗಂಡನ ಮನೆಯ ಓಣಿಯ ಹಿರಿಯರಾದ್ದರಿಂದ ರೀತಿಯ ಪ್ರಕಾರ ನಾನು ಅವರನ್ನು ಮಾವ ಎನ್ನಬೇಕು. ಮೊದಲ ಸಲ ಹಾಗೆಯೇ ಕರೆದೆ. "ಮಾವ ಅಂತ ಕರಿಯಾಕ ನಿನಗ ಮನಿಯಾಗ ಒಬ್ರು ಅದಾರಲ್ಲವಾ. ನನಗ ಕಾಕಾ ಅನ್ನು, ತವರಿನ ಮಂದಿ ಒಬ್ರರೆ ಇರ್ಲಿ" ಎಂದರು. ಅಂದಿನಿಂದ ಅವರು ಕಾಕಾ, ಅವರ ಹೆಂಡತಿ ಚಿಗವ್ವ. ಮಗಳಂಥವಳನ್ನು ಕರೆಯುವ ನಮ್ಮ ಕಡೆಯ ರೂಢಿಯಂತೆ ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಅಷ್ಟು ಮಾತಿಗೇ ನನ್ನ ಅಳು ಅರ್ಧ ನಿಂತಿತು.

ಕೆಲಸ ಮುಗಿಸಿ ಬಂದವರು ಕೈಕಾಲು ತೊಳೆದು ಕಟ್ಟೆಯ ಮೇಲೆ ತಗಡು ಹರಡಿಕೊಂಡು ಕೂರುತ್ತಿದ್ದರು. ಡಾಲ್ಡಾ ಡಬ್ಬಿ, ಬಿಸ್ಕತ್ತಿನ ಡಬ್ಬಿ, ಏನು ಸಿಕ್ಕರೂ ಅವರ ಕೈಯಲ್ಲಿ ಇಂಜಿನ್ ಆಗುತ್ತಿತ್ತು. ಗಾಲಿ ಉರುಳುವುದು, ಡಬ್ಬಿ ಜೋಡಿಸುವುದು ಅವರಿಗೆ ದೊಡ್ಡದಲ್ಲ. ಅವರ ಹುಚ್ಚೆಲ್ಲ ಹೊಗೆಯದು. ಹೊಗೆ ಸುಮ್ಮನೆ ಬಂದರೆ ಆಗದು, ಗಾಲಿ ತಿರುಗಿದಂತೆ ಭಕ್ ಭಕ್ ಎಂದು ತುಂಡು ತುಂಡಾಗಿ ಬರಬೇಕು. ಅದಕ್ಕಾಗಿ ಇಂಜಿನ್ನಿನ ಹೊಟ್ಟೆಯಲ್ಲಿ ಸೈಕಲ್ ಟ್ಯೂಬಿನ ರಬ್ಬರಿನಿಂದ ಬೆರಳಷ್ಟಗಲದ ಒಂದು ತಿದಿ ಮಾಡಿ ಗಾಲಿಗೆ ಜೋಡಿಸಿದ್ದರು. ಗಾಲಿ ಒಂದು ಸುತ್ತು ಬಂದರೆ ತಿದಿ ಒಂದು ಸಲ ಊದುತ್ತಿತ್ತು. "ರೈಲು ನೋಡಿ ಹೊಟ್ಟಿ ತುಂಬಲಿಲ್ಲೇನು ಷೆಡ್ಡಿನಾಗ" ಎಂದು ಚಿಗವ್ವ ರೇಗುತ್ತಿದ್ದಳು. ರೇಗುತ್ತಲೇ ಲೋಬಾನ ಕುಟ್ಟಿ ಕೊಡುತ್ತಿದ್ದಳು.

ಆ ಮನೆಯಲ್ಲಿ ಯಾರೂ ಎತ್ತದ ಒಂದು ಮಾತಿತ್ತು. ಅವರ ಒಬ್ಬಳೇ ಮಗಳನ್ನು ಮಾನ್ವಿಗೆ ಕೊಟ್ಟಿದ್ದರು. ಆಕೆ ಮದುವೆಯಾಗಿ ಹೋದವಳು ಮರಳಿ ತವರ ಹೊಸ್ತಿಲು ತುಳಿದಿರಲಿಲ್ಲ. ಪಂಚಮಿಗೆ ಕಳಿಸಲಿಲ್ಲ, ದೀಪಾವಳಿಗೆ ಕಳಿಸಲಿಲ್ಲ. ಚೊಚ್ಚಲ ಬಾಣಂತನಕ್ಕೂ ಕಳಿಸಲಿಲ್ಲ ಎಂದರೆ ಇನ್ನು ಹೇಳುವುದೇನು. ಮೊಮ್ಮಗ ಹುಟ್ಟಿ ನಡೆದಾಡುವಂತಾಗಿದ್ದರೂ ಇವರು ಅವನ ಮುಖ ಕಂಡಿರಲಿಲ್ಲ.

ಎಲ್ಲಕ್ಕೂ ಮೂಲ ಒಂದು ಕಿಡಿ. ಮದುವೆಯ ದಿನ ಬೀಗರು ಹಂದರಕ್ಕೆ ಬಂದು ಕೂತಾಗ, ಅವರಿಗೆ ಬೆರಗಾಗಲಿ ಎಂದು ಕಾಕಾ ತಗಡಿನ ರೈಲನ್ನು ಅವರ ಮುಂದೆಯೇ ಓಡಿಸಿದ್ದರಂತೆ. ಆಗ ಅವರು ಹೊಗೆಗೆ ಬಳಸುತ್ತಿದ್ದುದು ಹತ್ತಿ ಮಿಲ್ಲಿನ ಅರಳೆ. ಅರಳೆಯನ್ನು ಎಣ್ಣೆಯಲ್ಲಿ ಅದ್ದಿ, ಲೋಬಾನದ ಪುಡಿ ಹಾಕಿ, ಕೆಂಡ ತಾಗಿಸಿ ಒಳಗಿಡುತ್ತಿದ್ದರು. ನಮ್ಮ ರಾಯಚೂರಿನವರಿಗೆ ಎಲ್ಲದಕ್ಕೂ ಹತ್ತಿಯೇ ನೆನಪಾಗುವುದು. ರೈಲು ಜೋರಾಗಿ ಓಡಿತು, ತಿದಿ ಜೋರಾಗಿ ಊದಿತು, ಉರಿಯುವ ಅರಳೆಯ ಎಳೆಯೊಂದು ಕೊಳವೆಯಿಂದ ಹಾರಿ ಬೀಗರ ಹೊಸ ರುಮಾಲಿನ ಮೇಲೆ ಕೂತಿತು. ಅವರಿಗೆ ಗೊತ್ತಾಗುವಷ್ಟರಲ್ಲಿ ಅಂಗೈಯಗಲ ಸುಟ್ಟಿತ್ತು. ತಲೆಯ ಮೇಲಿನ ರುಮಾಲು ಎಂದರೆ ಮಾನ. ನೆರೆದ ಮಂದಿ ಕಿಸಕ್ಕನೆ ನಕ್ಕರು. "ಕರದು ತಲಿಗಿ ಬೆಂಕಿ ಹಚ್ಚಿದ್ರಿ" ಎಂದ ಬೀಗರು ಊಟಕ್ಕೂ ಕೂರದೆ ಸೊಸೆಯನ್ನು ಕರೆದುಕೊಂಡು ಹೊರಟೇಬಿಟ್ಟರು.

ಬೇರೆಯವರಾಗಿದ್ದರೆ ಆ ತಗಡನ್ನೆಲ್ಲ ಬಾವಿಗೆ ಹಾಕುತ್ತಿದ್ದರು. ಕಾಕಾ ಹಾಕಲಿಲ್ಲ. ಕಿಡಿ ಇಲ್ಲದ ಹೊಗೆ ಮಾಡಬೇಕು ಎಂದು ಹಟ ಹಿಡಿದರು. ಕೊನೆಗೆ ಒಂದು ದಾರಿ ಸಿಕ್ಕಿತು. ಕಬ್ಬಿಣದ ನಟ್ಟನ್ನು ಒಲೆಯಲ್ಲಿ ಕೆಂಪಗೆ ಕಾಸಿ, ಪುಟ್ಟ ತಗಡಿನ ಬಟ್ಟಲಲ್ಲಿಟ್ಟು, ಮೇಲೆ ಲೋಬಾನ ಉದುರಿಸಿ ಒಂದು ಹನಿ ಔಡಲೆಣ್ಣೆ ಬಿಟ್ಟರೆ ದಟ್ಟ ಬಿಳಿ ಹೊಗೆ. ಉರಿಯಿಲ್ಲ, ಹಾರುವುದು ಏನೂ ಇಲ್ಲ. ಆದರೆ ಅದನ್ನು ಮಾನ್ವಿಯವರಿಗೆ ಹೇಳುವವರು ಯಾರು? ರೈಲು ಎಂಬ ಮಾತು ಕೇಳಿದರೆ ಅವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಒಂದು ಸಂಜೆ ನಾನು ಮೊರದಲ್ಲಿ ಅಕ್ಕಿ ಹಿಡಿದು ಅವರ ಕಟ್ಟೆಗೆ ಹೋಗಿ ಕೂತಿದ್ದೆ. ಸಿಪಾಯಿಗಳು ನೀರಿನ ಮೇಲೆ ಹೋಗುವ ಹೊಗೆ ಹಡಗಿನ ಮಾತಾಡುವುದನ್ನು ಕಾಕಾ ಸ್ಟೇಷನ್ನಿನಲ್ಲಿ ಕೇಳಿ ಬಂದಿದ್ದರು. ಕೇಳಿದ ಹೊತ್ತಿನಿಂದ ಅವರ ತಲೆಯಲ್ಲಿ ಒಂದೇ ಗುಂಗು: ಕೆಳಗೆ ನೀರಿದ್ದರೆ ಬೆಂಕಿಯ ಭಯ ಯಾರಿಗೆ?

"ತಂಗೀ, ನೀ ಹೊಳಿದಂಡಿಯಾಕಿ. ಹಡಗು ಹ್ಯಾಂಗಿರ್ತದವಾ?"

ನಾನು ಕಂಡಿದ್ದು ಕೃಷ್ಣೆ ದಾಟಿಸುವ ಹರಿಗೋಲು ಒಂದೇ, ಬಿದಿರಿನ ದೊಡ್ಡ ಬುಟ್ಟಿಗೆ ಚರ್ಮ ಹೊದಿಸಿದ್ದು. ಹದಿನಾರರ ಧಿಮಾಕು ನೋಡಿ, ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. "ನೀರಾಗ ಹೋಗೋದು ದುಂಡಗ ಇರ್ತದ್ರಿ ಕಾಕಾ, ಇದು ದೊಡ್ಡದಿರಬೇಕು" ಎಂದೆ. ಅವರು ತಲೆ ಆಡಿಸಿದರು. ಕೆಲವು ದಿನಗಳಲ್ಲಿ ತಗಡಿನ ದುಂಡು ಹರಿಗೋಲು ತಯಾರಾಯಿತು. ಅದರ ನಟ್ಟ ನಡುವೆ ಇಂಜಿನ್ನಿನದೇ ಹೊಗೆಕೊಳವೆ. ಕೊಳವೆಯ ಕೆಳಗೆ ನಟ್ಟಿನ ಬಟ್ಟಲು, ಅದಕ್ಕೆ ತಾಗಿದಂತೆ ನೀರು ತುಂಬಿದ ಪುಟ್ಟ ಡಬ್ಬಿ, ಡಬ್ಬಿಯ ಪಕ್ಕದಲ್ಲಿ ಆವಿ ಹೊರಟು ಹಡಗನ್ನು ಮುಂದೆ ತಳ್ಳಲೆಂದು ಒಂದು ಸಣ್ಣ ತೂತು. ನೋಡಿ ನಾವಿಬ್ಬರೂ ಬಹಳ ಹೆಮ್ಮೆಪಟ್ಟೆವು.

ಅದನ್ನು ಬೀಗರಿಗೆ ತೋರಿಸಲೆಂದು ಮಾನ್ವಿಗೆ ಹೊರಟಾಗ ಚಿಗವ್ವ ಹೊಸ್ತಿಲಲ್ಲೇ ನಿಂತಳು. ಕರೆಯದ ಮನೆಗೆ ಹೋಗುವುದು ಹೇಗೆ? ಜೊತೆಗೆ ನಾನಿರಲಿ ಎಂದು ಅತ್ತೆಯನ್ನು ಕೇಳಿದಳು. ಅತ್ತೆ ಅದೇನು ನೆನೆದರೋ, ಹೂಂ ಎಂದರು. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು, ಹಿಂದೆ ಒಂದು ಹಂಡೆ ಕಟ್ಟಿಕೊಂಡು. ನಮ್ಮ ಬಸ್ಸು ಕುರ್ಡಿಯ ಹತ್ತಿರ ಕೆಮ್ಮಿ ನಿಂತಿತು. ಕಾಕಾ ಇಳಿದು ಕ್ಲೀನರ್ ಜೊತೆ ಜಗಳಕ್ಕೇ ನಿಂತರು, ಇದ್ದಿಲು ಹಸಿ ಅದ, ಇದರ ಹೊಗೆಗೆ ಶಕ್ತಿ ಇಲ್ಲ ಎಂದು. ಮಗಳ ಮನೆಗೆ ಹೋಗುವ ಅಂಜಿಕೆಯನ್ನು ಪಾಪ ಆ ಹುಡುಗನ ಮೇಲೆ ತೀರಿಸಿಕೊಂಡರು ಎಂದು ಈಗ ಅನ್ನಿಸುತ್ತದೆ.

ಬೀಗರು ಕಟ್ಟೆಯ ಮೇಲೆ ಕೂತಿದ್ದರು. ನಮ್ಮನ್ನು ನೋಡಿದರು, ಬರ್ರಿ ಎನ್ನಲಿಲ್ಲ. ಒಳಬಾಗಿಲ ಮರೆಯಲ್ಲಿ ಒಂದು ಸೀರೆಯ ಸೆರಗು ಅಲ್ಲಾಡಿತು. ಚಿಗವ್ವ ಅದನ್ನೇ ನೋಡುತ್ತ ನಿಂತುಬಿಟ್ಟಳು.

"ಒಂದು ಪರಾತ ನೀರು ಕೊಡಸ್ರಿ" ಎಂದರು ಕಾಕಾ.

"ಮತ್ತ ಬೆಂಕಿ ತಂದೀರೇನ್ರಿ?" ಎಂದರು ಬೀಗರು.

"ತಂದೀನ್ರಿ. ಈ ಸಲ ನೀರಾಗ ಇಡ್ತೀನ್ರಿ."

ಬೀಗರು ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಅವರ ಕಾಲಿಗೆ ಅಂಟಿಕೊಂಡಿದ್ದ ಮೊಮ್ಮಗ ತಗಡಿನ ಹಡಗಿಗೆ ಆಗಲೇ ಕೈ ಚಾಚಿದ್ದ. ಬೀಗಿತ್ತಿ ಹಿತ್ತಾಳೆಯ ಅಗಲವಾದ ಪರಾತದಲ್ಲಿ ನೀರು ತಂದಿಟ್ಟರು. ಕಾಕಾ ಜೇಬಿನಿಂದ ನಟ್ಟು ತೆಗೆದು ಒಲೆಯಲ್ಲಿ ಕಾಸಿಕೊಡಿ ಎಂದು ಒಳಗೆ ಕಳಿಸಿದರು. ಕಾದ ನಟ್ಟನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ತಂದವಳು ಅವರ ಮಗಳು. ಮದುವೆಯ ಹಂದರದ ನಂತರ ಅಪ್ಪ ಮಗಳು ಎದುರಾದದ್ದು ಆಗಲೇ. ಅವಳು ಬಗ್ಗಿ ಕೆಂಪು ನಟ್ಟನ್ನು ಬಟ್ಟಲಿಗೆ ಇಟ್ಟಳು, ಕಾಕಾ ಲೋಬಾನ ಉದುರಿಸಿದರು. ಕಣ್ಣು ಮಗಳ ಮುಖದ ಮೇಲೆಯೇ ಇದ್ದುದರಿಂದ ಅರ್ಧ ಲೋಬಾನ ನೀರಿಗೆ ಬಿತ್ತು...

ಹೊಗೆ ಎದ್ದಿತು. ಏನು ಚೆಂದದ ಹೊಗೆ ಅಂತೀರಿ. ಆವಿ ತೂತಿನಿಂದ ಸುಯ್ ಎಂದು ಹೊರಟಿತು. ಹಡಗು ಮುಂದೆ ಹೋಗಬೇಕಿತ್ತು. ದುಂಡಗಿದ್ದುದು ಮುಂದೆ ಹೇಗೆ ಹೋದೀತು? ಇದ್ದಲ್ಲೇ ಬುಗುರಿಯ ಹಾಗೆ ಗರಗರ ತಿರುಗತೊಡಗಿತು. ಕಾಕಾನ ಮುಖ ಕಪ್ಪಿಟ್ಟಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಅಷ್ಟರಲ್ಲಿ ಬೀಗರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಬೀಗರ, ಹಡಗು ಎಲ್ಲೆರ ದುಂಡಗಿರ್ತದೇನ್ರಿ? ನಾ ಮುಂಬೈಯಾಗ ಕಣ್ಣಾರೆ ನೋಡೀನಿ" ಎಂದರು. ಹತ್ತಿ ಮಾರಲು ಹೋದಾಗ ಅವರು ನಿಜವಾಗಿಯೂ ಹಡಗು ನೋಡಿದ್ದರು. ಕಟ್ಟೆಯಿಂದ ಇಳಿದು ಬಂದು, ನೆಲದ ಮೇಲೆ ಕಾಕಾನ ಪಕ್ಕದಲ್ಲೇ ಕೂತು, ಉದ್ದ ಎಷ್ಟು, ಮೂತಿ ಹೇಗೆ ಚೂಪು, ಹೊಗೆಕೊಳವೆ ಎಲ್ಲಿ ಎಂದು ಕೈಯಾಡಿಸಿ ಹೇಳತೊಡಗಿದರು. ಅಂದು ಹಂದರದಲ್ಲಿ ನಾಲ್ಕು ಮಂದಿಯ ಮುಂದೆ ನಗೆಪಾಟಲಾದವರು ಅವರು. ಇಂದು ಅವರದೇ ಅಂಗಳದಲ್ಲಿ ನಗುವ ಪಾಳಿ ಅವರಿಗೆ ಬಂದಿತ್ತು, ಕಲಿಸುವ ಪಾಳಿಯೂ ಬಂದಿತ್ತು. ಮೊಮ್ಮಗ ನೀರು ಬಡಿದು ಎಲ್ಲರನ್ನೂ ತೋಯಿಸಿದ. ಮಗಳು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಊಟವಾದ ಮೇಲೆ ಬೀಗರು ಎಲೆ ಅಡಿಕೆ ಕೊಡುತ್ತ, "ಪಂಚಮಿಗಿ ಬಂದು ಮಗಳ್ನ ಕರಕೊಂಡು ಹೋಗ್ರಿ" ಎಂದರು.

ಮರಳುವಾಗ ಬಸ್ಸಿನಲ್ಲಿ ಚಿಗವ್ವ ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು. ಕಾಕಾ ಮಾತ್ರ ಮುಖ ಊದಿಸಿಕೊಂಡು ಕೂತಿದ್ದರು. ಮಗಳು ಸಿಕ್ಕರೂ ಸಿಟ್ಟು ಹೋಗಿರಲಿಲ್ಲ. "ಸುಮ್ಮನ ತಗಡು ಕೆಡಿಸಿದೆವಲ್ಲ ತಂಗೀ" ಎಂದರು. ನನಗೆ ನಗು ತಡೆಯಲಾಗಲಿಲ್ಲ.

ಆ ಪಂಚಮಿಗೆ ಅವಳು ಬಂದಳು, ಮುಂದಿನ ಎರಡು ಪಂಚಮಿಗೂ ಬಂದಳು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಆಕೆ ಇದ್ದಷ್ಟು ದಿನ ಕಾಕಾ ತಗಡು ಮುಟ್ಟಲಿಲ್ಲ, ಮಗಳು ಕೂತಲ್ಲಿ ಕೂತರು, ಎದ್ದಲ್ಲಿ ಎದ್ದರು. ಮೂರನೆಯ ವರ್ಷವೂ ನಾನು ನಮ್ಮ ಬಾಗಿಲಲ್ಲಿ ನಿಂತು ಜೋಕಾಲಿ ನೋಡುತ್ತಿದ್ದೆ. ಹೊಟ್ಟೆಕಿಚ್ಚಲ್ಲ... ಅಲ್ಲ, ಹೊಟ್ಟೆಕಿಚ್ಚೇ. ಕಾಕಾ ಅದನ್ನು ಕಂಡರು. ಮರುದಿನ ನಮ್ಮತ್ತೆಯ ಮುಂದೆ ಬಂದು ಕೂತು, "ಯಕ್ಕಾ, ಮಗಳು ಬರಲಾರದ ಮನಿ ಹ್ಯಾಂಗಿರ್ತದಂತ ನಾ ನೋಡೀನಿ. ಇಕಿನ್ನ ಬಾಣಂತನಕ್ಕ ಕಳಸ್ರಿ" ಎಂದರು. ನಾನು ಆಗ ಬಸುರಿ ಎಂದು ಚಿಗವ್ವನಿಗೆ ಮಾತ್ರ ಹೇಳಿದ್ದೆ. ಅತ್ತೆ ಮೊದಲು ಹಪ್ಪಳದ ನೆಪ ತೆಗೆದರು. ಕೊನೆಗೆ ಕಳಿಸಿದರು.

ನಾನು ಹೊಳೆದಂಡೆಯಲ್ಲಿ ಅವ್ವನ ಕೈಯಡುಗೆ ಉಂಡು ಮಲಗಿದ್ದ ಆ ತಿಂಗಳುಗಳಲ್ಲೇ, ದೇಶಕ್ಕೆಲ್ಲ ಬಂದ ಸ್ವಾತಂತ್ರ್ಯ ಇನ್ನೂ ಬಾರದ ನಮ್ಮ ಸೀಮೆಯ ಊರೂರಲ್ಲಿ ಲೂಟಿ, ಗಲಾಟೆ ಹೆಚ್ಚಾಯಿತು. ಕೂಸನ್ನು ಎತ್ತಿಕೊಂಡು ರಾಯಚೂರಿಗೆ ಮರಳಿದಾಗ ಎದುರು ಮನೆಗೆ ಕೀಲಿ ಬಿದ್ದಿತ್ತು. ಮಾನ್ವಿಯ ಬೀಗರು ಮನೆಮಂದಿಯನ್ನೆಲ್ಲ ಕರೆದುಕೊಂಡು ತುಂಗಭದ್ರೆ ದಾಟಿ ಆಚೆ ಸೀಮೆಗೆ ಹೋದರಂತೆ. ಸುದ್ದಿ ಬಂದ ದಿನವೇ ಕಾಕಾ ನೌಕರಿ ಬಿಟ್ಟು, ಚಿಗವ್ವನನ್ನು ಕರೆದುಕೊಂಡು ಮಗಳ ಹಿಂದೆ ಹೊರಟರಂತೆ. "ಒಮ್ಮಿ ಕಳಕೊಂಡು ಪಡದ ಮಗಳು, ಮತ್ತ ಬಿಡಂಗಿಲ್ಲ ಅಂದ" ಎಂದು ಅತ್ತೆ ಹೇಳಿದರು. ಗಲಾಟೆ ಮುಗಿಯಿತು, ಹೋದವರು ಒಬ್ಬೊಬ್ಬರಾಗಿ ಮರಳಿದರು. ಇವರು ಬರಲಿಲ್ಲ. ಬಳ್ಳಾರಿಯಲ್ಲಿ ಕಂಡೆ ಎಂದರು ಒಬ್ಬರು, ಗುಂತಕಲ್ಲಿನಲ್ಲಿ ಎಂದರು ಇನ್ನೊಬ್ಬರು. ವಿಚಾರಿಸಿ ಸಾಕಾಯಿತು.

ನಾನೇನು ಅವರ ಹೊಟ್ಟೆಯ ಮಗಳಲ್ಲ. ಹೋಗಿ ಬರುತ್ತೇವೆ ಎಂದು ನನಗೆ ಹೇಳಿಯೇ ಹೋಗಬೇಕು ಎಂಬ ಕಾಯಿದೆ ಇಲ್ಲ. ಹೀಗೆಂದು ಮನಸ್ಸಿಗೆ ಎಷ್ಟು ಸಲ ಹೇಳಿದೆನೋ, ಅದು ಕೇಳಲಿಲ್ಲ. ಅವರು ಹೋದರೆಂದು ತಿಳಿದ ದಿನ ಕೂಸಿಗೆ ಹಾಲೂಡಿಸುತ್ತ ಅತ್ತಿದ್ದೆ. ಎಂಬತ್ತು ದಾಟಿದ ಮೇಲೂ ಕೆಲವು ಸಂಜೆ ಆ ಅಳು ಹಾಗೆಯೇ ಬರುತ್ತದೆ. ದೇವದುರ್ಗದ ತವರು ಅಪ್ಪ ಅವ್ವ ಹೋದ ಮೇಲೂ ತಮ್ಮಂದಿರ ಕಾಲದಲ್ಲಿ ಉಳಿಯಿತು. ಹೋದೆ, ಬಂದೆ, ಉಡಿ ತುಂಬಿಸಿಕೊಂಡೆ. ಎದುರು ಮನೆಯ ತವರು ಮಾತ್ರ ನಾನು ತವರಿಗೆ ಹೋಗಿದ್ದಾಗಲೇ ಹೋಯಿತು.